ಹನ್ನೊಂದು ಕಡೆ

ಉಗಾರ ಖುರ್ದ,
ಮಂಗಳವಾರ, ೧೧ ಮಾರ್ಚ್ ೨೦೨೫

ಪ್ರೀತಿಯ ರೋಶನ್‌ಬಿಗೆ ಲಕ್ಷ್ಮಿಬಾಯಿಯ ಸಲಾಂ.

‘ಪ್ರೀತಿಯ’ ಎಂದು ಬರೆಯಲೋ ಬೇಡವೋ ಎಂದು ಕಾಲು ತಾಸು ಪೆನ್ನು ಹಿಡಿದು ಕುಳಿತಿದ್ದೆ. ಕೊನೆಗೆ ಬರೆದೆ. ನಿನಗೆ ಒಗ್ಗದಿದ್ದರೆ ನೀನೇ ಹೊಡೆದುಹಾಕು. ಈ ಪತ್ರದ ಮಟ್ಟಿಗೆ ನನ್ನ ಕೈಯಲ್ಲಿ ಕತ್ತರಿ ಇಲ್ಲ.

ಭಾನುವಾರ ಸತ್ತಿ ಊರಿನ ನಿನ್ನ ಮನೆಗೆ ಬಂದಾಗ ನೀನು ಹೊಸ್ತಿಲಲ್ಲೇ ನಿಂತು ಹೇಳಿದ ಮಾತು ಕಿವಿಯಲ್ಲಿ ಹಾಗೇ ಇದೆ: “ಲಕ್ಷ್ಮೀ, ನೀ ಮಾತಾಡಾಕ ಕುಂತ್ರ ಕಲ್ಲೂ ಹೌದ ಅಂತೈತಿ. ನನಗ ಮಾತ ಬ್ಯಾಡ. ಏನ ಆತು ಅನ್ನೂದ ಬರದ ಕಳಸು. ಒಂದಕ್ಷರಾ ಕತ್ತರಸಬ್ಯಾಡ.” ಮೂವತ್ತೆರಡು ವರ್ಷ ಮಕ್ಕಳಿಗೆ ನಿಬಂಧದ ವಿಷಯ ಕೊಟ್ಟವಳು ನಾನು. ಈ ವಯಸ್ಸಿನಲ್ಲಿ ನನಗೇ ಒಬ್ಬರು ವಿಷಯ ಕೊಟ್ಟರು. ಮಧ್ಯಾಹ್ನದ ಬಿಡುವಿನಲ್ಲಿ ಸ್ಟಾಫ್ ರೂಮಿನ ಮೂಲೆಯ ಕುರ್ಚಿಯಲ್ಲಿ ಕುಳಿತು ಬರೆಯುತ್ತಿದ್ದೇನೆ.

ಶಾಲೆ ಬಿಟ್ಟು ನಿನ್ನ ಹತ್ತಿರ ಬಂದು ಉಳಿದಿರುವ ಮೊಮ್ಮಗಳು ಸುಮಯ್ಯಾ ಆವತ್ತು ಒಳಕೋಣೆಯಲ್ಲಿದ್ದಳು. ಪರದೆಯ ಕೆಳಗೆ ಅವಳ ಪಾದ ಕಾಣುತ್ತಿತ್ತು. ಎರಡು ಸಲ ಹೆಸರು ಹಿಡಿದು ಕರೆದೆ, ಪಾದ ಕದಲಲಿಲ್ಲ. ಹತ್ತನೆಯ ವರ್ಗದ ಪರೀಕ್ಷೆಗೆ ಇವತ್ತಿಗೆ ಹತ್ತೇ ದಿನ ಉಳಿದಿದೆ. ಇಪ್ಪತ್ತೊಂದಕ್ಕೆ ಮೊದಲನೇ ಪೇಪರು, ಅದೂ ನನ್ನದೇ ಕನ್ನಡ, ಅದೂ ನಮ್ಮದೇ ಶಾಲೆಯ ಕಟ್ಟಡದಲ್ಲಿ. ಪೂರ್ವಸಿದ್ಧತಾ ಪರೀಕ್ಷೆಯ ಕೊನೆಯ ಪೇಪರುಗಳನ್ನು ಅವಳು ಬರೆಯಲಿಲ್ಲ. ಹಾಲ್ ಟಿಕೆಟ್ ಒಯ್ಯಲು ಬಂದಿಲ್ಲ. “ಆ ಸಾಲಿ ಬಾಗಲಾ ತುಳಿಯೂದಿಲ್ಲ ಅಂತಾಳ” ಎಂದು ನೀನು ಹೇಳಿದಾಗ ನನ್ನ ಮುಖ ನೋಡಲಿಲ್ಲ, ಅಂಗಳದ ಬೇವಿನ ಗಿಡ ನೋಡಿದೆ. ನೀನು ನೋಡದೇ ಇದ್ದದ್ದು ಒಳ್ಳೆಯದೇ ಆಯಿತು.

ನೀವೆಲ್ಲ ರೋಜಾ ಹಿಡಿದಿದ್ದಿರಿ. ಆದರೂ ನಿನ್ನ ಸೊಸೆ ನನಗೊಬ್ಬಳಿಗೆ ಚಹಾ ಮಾಡಿ ತಂದಿಟ್ಟಳು. ಅದು ಕೆನೆಗಟ್ಟುವವರೆಗೆ ನೋಡುತ್ತ ಕುಳಿತು ಎದ್ದು ಬಂದೆ. ಫ್ಯಾಕ್ಟರಿಯ ಕ್ವಾರ್ಟರ್ಸಿನಲ್ಲಿ ನೆರೆಮನೆಯವರಾಗಿದ್ದಾಗ ರಮಜಾನ್ ತಿಂಗಳು ಬಂತೆಂದರೆ ನಾವಿಬ್ಬರೂ ನಗುತ್ತಿದ್ದೆವಲ್ಲ, ಹೊತ್ತು ಮುಳುಗಿದರೆ ನಿನ್ನ ಉಪವಾಸ ಬಿಡುವುದು, ನನ್ನ ಬಾಯಿ ಕಟ್ಟುವುದು. ಜೈನರ ಮನೆಯವಳು ಹೊತ್ತು ಮುಳುಗಿದ ಮೇಲೆ ಉಣ್ಣುವ ಹಾಗಿಲ್ಲ. ಒಂದು ತಿಂಗಳು ಪೂರ್ತಿ ನಾವಿಬ್ಬರೂ ಒಂದು ತುತ್ತನ್ನು ಕೂಡಿ ತಿನ್ನಲು ಆಗುತ್ತಿರಲಿಲ್ಲ. ಆದರೂ ಆ ಹೊತ್ತಿನಲ್ಲಿ ನಿನ್ನ ಕಟ್ಟೆಯ ಮೇಲೆ ಬಂದು ಕೂಡುತ್ತಿದ್ದೆ. ಅದೆಲ್ಲ ಈಗ ಯಾಕೆ ಬರೆದೆ ಎಂದರೆ, ಮುಂದಿನದನ್ನು ಬರೆಯಲು ಕೈ ಏಳುತ್ತಿಲ್ಲ. ಇದು ನಿನಗೂ ತಿಳಿದೇ ಇರುತ್ತದೆ.

ಸರಿ, ಬರೆಯುತ್ತೇನೆ. ಸುಮಯ್ಯಾ ಸುಳ್ಳು ಹೇಳಲಿಲ್ಲ, ಸುಳ್ಳು ಹೇಳಿದವಳು ನಾನು. ಅವಳ ಬರಹದಿಂದ ಆ ಮಾತುಗಳನ್ನು ತೆಗೆದವಳೂ ನಾನು.

ಶಾಲೆಗೆ ಐವತ್ತು ವರ್ಷ ತುಂಬಿದ್ದಕ್ಕೆ ನೆನಪಿನ ಸಂಚಿಕೆ ತರಬೇಕೆಂದು ಕಮಿಟಿ ಠರಾಯಿಸಿದಾಗ ಸಂಪಾದಕಿ ನಾನೇ ಎಂದು ಯಾರೂ ಹೇಳುವ ಮೊದಲೇ ನಾನೇ ಅಂದುಕೊಂಡಿದ್ದೆ. ಮೇ ತಿಂಗಳಿಗೆ ನಿವೃತ್ತಿ. ಹೋಗುವ ಮುನ್ನ ನನ್ನ ಹೆಸರಿನ ಒಂದು ಪುಸ್ತಕ. ಮಕ್ಕಳಿಗೆ ನಾನೂರು ಶಬ್ದಗಳ ಮಿತಿ ಹಾಕಿದೆ. ಸುಮಯ್ಯಾ ತಂದುಕೊಟ್ಟ ಬರಹದ ಹೆಸರು ‘ಅಜ್ಜನ ಪಾನಾ’. ಓದಿದೆ. ಮೂವತ್ತೆರಡು ವರ್ಷದಲ್ಲಿ ಅಂಥ ಬರಹ ಕೊಟ್ಟ ಮಕ್ಕಳನ್ನು ಬೆರಳು ಮಡಚಿ ಎಣಿಸಬಹುದು. ಇದನ್ನು ಅವಳಿಗೆ ಹೇಳಲಿಲ್ಲ. ಹೊಗಳಿದರೆ ಮಕ್ಕಳು ಕೆಡುತ್ತಾರೆ ಎಂದು ನಂಬಿದ ಕಾಲದವಳು ನಾನು.

ಆ ಬರಹ ನೀನು ಓದಿಲ್ಲ. ನೀನು ಓದಿದ್ದು ನಾನು ಅಚ್ಚು ಹಾಕಿಸಿದ್ದನ್ನು. ಅವಳು ಬರೆದದ್ದು ಹೀಗಿತ್ತು: ಅಜ್ಜ ಇಮಾಮಸಾಹೇಬರು ಸಕ್ಕರೆ ಫ್ಯಾಕ್ಟರಿಯಲ್ಲಿ ಫಿಟರ್ ಆಗಿದ್ದವರು. ನಿವೃತ್ತಿಯಾದ ಮೇಲೂ ಮನೆಯಲ್ಲಿ ಏನಾದರೊಂದನ್ನು ಬಿಚ್ಚುತ್ತ, ಬೋಲ್ಟುಗಳಿಗೆ ಪಾನಾ ಹಾಕಿ ತಿರುಗಿಸುತ್ತ ಮೊಮ್ಮಗಳಿಗೆ ಪ್ರವಾದಿಗಳ ಕಥೆ ಹೇಳುತ್ತಿದ್ದರು. ದಾವೂದ್ ಅಲೈಹಿಸ್ಸಲಾಮ್ ಅವರ ಕೈಯಲ್ಲಿ ಅಲ್ಲಾಹನು ಕಬ್ಬಿಣವನ್ನು ಮೆತ್ತಗೆ ಮಾಡಿಕೊಟ್ಟಿದ್ದ, ಅವರು ನಮ್ಮ ಕಸುಬಿನವರು ಎಂದು ಅಜ್ಜನಿಗೆ ಹೆಮ್ಮೆ. ನೂಹ್ ಅಲೈಹಿಸ್ಸಲಾಮ್ ಅವರು ಹಡಗು ಕಟ್ಟಿದ್ದನ್ನು ಹೇಳುವಾಗ ಮೊಳೆ ಎಷ್ಟು ಬೇಕಾದಾವು ಎಂದು ಲೆಕ್ಕ ಹಾಕುತ್ತಿದ್ದರು. ಪ್ರವಾದಿ ಮುಹಮ್ಮದ್ ಸಲ್ಲಲ್ಲಾಹು ಅಲೈಹಿ ವಸಲ್ಲಮ್ ಅವರು ತಮ್ಮ ಹರಿದ ಚಪ್ಪಲಿಯನ್ನು ತಾವೇ ಹೊಲಿದುಕೊಳ್ಳುತ್ತಿದ್ದರು ಎಂದು ಹೇಳುವಾಗ ಅಜ್ಜನ ದನಿ ಸಣ್ಣದಾಗುತ್ತಿತ್ತು. ಈ ಹೆಸರುಗಳು ಬಂದಾಗೆಲ್ಲ ಅಜ್ಜನ ಪಾನಾ ನಿಲ್ಲುತ್ತಿತ್ತು. ‘ಅವರ ಮೇಲೆ ಅಲ್ಲಾಹನ ಕೃಪೆ, ಶಾಂತಿ ಇರಲಿ’ ಎಂಬ ಆ ಮಾತು ಪೂರ್ತಿಯಾದ ಮೇಲೆಯೇ ಮತ್ತೆ ತಿರುಗುತ್ತಿತ್ತು. ಎಷ್ಟೇ ಅವಸರದ ಕೆಲಸವಿರಲಿ, ಅಷ್ಟು ಹೊತ್ತು ಕಬ್ಬಿಣವೂ ಕಾಯಬೇಕು. ಅದೇ ಅವಳ ಬರಹದ ಜೀವ.

ಆ ಮಾತು ಬರಹದಲ್ಲಿ ಹನ್ನೊಂದು ಕಡೆ ಬಂದಿತ್ತು. ನಾನು ಕೆಂಪು ಪೆನ್ನಿನಲ್ಲಿ ಹನ್ನೊಂದನ್ನೂ ಹೊಡೆದೆ. ಅಚ್ಚಾದ ಪುಟದಲ್ಲಿ ಅಜ್ಜನ ಪಾನಾ ಸುಮ್ಮಸುಮ್ಮನೆ ನಿಲ್ಲುತ್ತದೆ, ಯಾಕೆ ನಿಂತಿತೆಂದು ಓದಿದವರಿಗೆ ತಿಳಿಯುವುದಿಲ್ಲ. ಮಗುವಿನ ಬರಹದ ಉಸಿರು ತೆಗೆದು, ಶುದ್ಧಲೇಖನ ಚೆನ್ನಾಗಿದೆ ಎಂದು ಬೆನ್ನು ತಟ್ಟಿದೆ.

ಶಬ್ದದ ಮಿತಿ ಮೀರಿತ್ತು, ಅದಕ್ಕೇ ತೆಗೆದೆ ಎಂದು ಬರೆದು ಮುಗಿಸಬಹುದು. ಭಾನುವಾರ ನಿನ್ನ ಮನೆಗೆ ಬರುವಾಗ ಬಸ್ಸಿನಲ್ಲಿ ಅಥಣಿಯವರೆಗೂ ಅದೇ ಮಾತನ್ನು ಬಾಯಿಪಾಠ ಮಾಡಿಕೊಂಡಿದ್ದೆ. ಆದರೆ ಅದೇ ಸಂಚಿಕೆಯ ಹದಿನಾಲ್ಕನೆಯ ಪುಟ ತೆಗೆದು ನೋಡು. ನನ್ನ ಮೈದುನ ಸಮ್ಮೇದನ ಮಗ, ಒಂಬತ್ತನೆಯ ವರ್ಗದ ಸನ್ಮತಿ, ಕಳೆದ ಚಾತುರ್ಮಾಸದಲ್ಲಿ ಊರಿಗೆ ಬಂದಿದ್ದ ಮುನಿ ಮಹಾರಾಜರ ಬಗ್ಗೆ ಬರೆದಿದ್ದಾನೆ. ಆರುನೂರು ಶಬ್ದ ದಾಟಿದೆ. ಒಂದನ್ನೂ ಮುಟ್ಟಿಲ್ಲ. ಮುಟ್ಟಿಲ್ಲ ಎಂದರೂ ಸುಳ್ಳಾಗುತ್ತದೆ. ನಮ್ಮಲ್ಲಿ ಮುನಿಗಳ ಹೆಸರಿನ ಮುಂದೆ ‘ಪರಮಪೂಜ್ಯ ಶ್ರೀ ೧೦೮’ ಎಂದು ಹಚ್ಚದೆ ಬರೆಯುವುದಿಲ್ಲ, ತೀರ್ಥಂಕರರಿಗಾದರೆ ೧೦೦೮. ಹುಡುಗ ಅವಸರದಲ್ಲಿ ಮೂರು ಕಡೆ ಅದನ್ನು ಬಿಟ್ಟಿದ್ದ. ನಾನು ಕುಳಿತು, ಇದೇ ಕೆಂಪು ಪೆನ್ನಿನಲ್ಲಿ, ಮೂರೂ ಕಡೆ ಸೇರಿಸಿದೆ. ಒಂದೇ ಸಂಜೆ, ಒಂದೇ ಮೇಜು. ಅಲ್ಲಿ ಹಚ್ಚಿದೆ, ಇಲ್ಲಿ ತೆಗೆದೆ. ಕೈಗೆ ಒಂದಿಷ್ಟೂ ಅಳುಕು ಬರಲಿಲ್ಲ ನೋಡು, ಅದೇ ನನಗೆ ಈಗ ಹೆದರಿಕೆ ಹುಟ್ಟಿಸುತ್ತದೆ. ಅದು ಅರಬ್ಬಿ, ಕನ್ನಡದ ಓಟಕ್ಕೆ ಅಡ್ಡ ಬರುತ್ತದೆ ಎಂದು ಅಂದುಕೊಂಡಿದ್ದೆ. ನೂರೆಂಟು ಯಾರ ಓಟಕ್ಕೆ ಅಡ್ಡ ಬರುತ್ತದೆ ಎಂದು ನನ್ನನ್ನು ನಾನು ಕೇಳಲಿಲ್ಲ. ನಮ್ಮದು ಭಕ್ತಿ, ನಿಮ್ಮದು ಹೆಚ್ಚಿನ ಶಬ್ದ. ಇಷ್ಟೇ ನನ್ನ ಸಂಪಾದನೆ.

ಗೊತ್ತಿರಲಿಲ್ಲ ಎಂದು ಹೇಳಿ ಪಾರಾಗಲೂ ನನಗೆ ದಾರಿಯಿಲ್ಲ. ನಿನಗೆ ನೆನಪಿದೆಯೋ ಇಲ್ಲವೋ, ಕ್ವಾರ್ಟರ್ಸಿನಲ್ಲಿ ನನ್ನ ಸ್ಟೋವ್ ಕೆಟ್ಟಾಗ ಇಮಾಮಸಾಹೇಬರು ನಿಮ್ಮ ಕಟ್ಟೆಯ ಮೇಲೆ ಅದನ್ನು ಬಿಚ್ಚಿಕೊಂಡು ಕುಳಿತಿದ್ದರು. ಆಗ ನಿನ್ನ ಮಗ ದಸ್ತಗೀರ ಚಡ್ಡಿಯಲ್ಲಿದ್ದ ಹುಡುಗ, ಪಕ್ಕದಲ್ಲಿ ಕುಳಿತು ಕಥೆ ಕೇಳುತ್ತಿದ್ದ. ಹೆಸರಿಗೊಮ್ಮೆ ಕೈ ನಿಲ್ಲುವುದನ್ನು ನೋಡಿ ನನಗೆ ನಗು ಬಂತು. ಹೊತ್ತು ಮುಳುಗುವುದರೊಳಗೆ ನನ್ನ ಅಡುಗೆ ಆಗಬೇಕಿತ್ತು. “ಸಾಹೇಬ್ರ, ಹಿಂಗ ಹೆಸರಿಗೊಮ್ಮೆ ನಿಂತ್ರ ನನ್ನ ಸ್ಟೋವ್ ಈ ವರ್ಷ ಹತ್ತತೈತೇನ್ರಿ?” ಎಂದೆ.

ಅವರು ಸಿಟ್ಟಾಗಲಿಲ್ಲ. ಪಿನ್ನು ಒರೆಸಿಕೊಳ್ಳುತ್ತ ಹೇಳಿದರು: “ಅಕ್ಕೋರೆ, ನಾವು ಅವರ ಹತ್ರ ಏನೂ ಬೇಡೂದಿಲ್ರಿ. ಅವರ ಸಲುವಾಗಿ ಬೇಡ್ತೀವ್ರಿ. ಅವರೂ ಮನಶಾರ, ದೇವರಲ್ರಿ. ದೇವರಾಗಿದ್ರ ನಮ್ಮಂಥವರ ದುವಾ ಅವರಿಗ್ಯಾಕ ಬೇಕಾಗ್ತಿತ್ತು? ನಮಗ ದಾರಿ ತೋರಿಸಿ ಹೋದವರು. ಅವರ ಮ್ಯಾಲ ಸಲಾಮ್ ಕಳಸ್ರಿ ಅಂತ ಕುರಾನಿನ್ಯಾಗ ಹೇಳೇತ್ರಿ. ಅವರ ಹೆಸರ ಕಿವಿಗಿ ಬಿದ್ರೂ ದುವಾ ಮಾಡದಾಂವ ಜಿಪುಣ ಅಂತ ಹದೀಸಿನ್ಯಾಗ ಐತ್ರಿ.” ಆಮೇಲೆ ತಲೆ ಎತ್ತಿ ನನ್ನ ಮುಖ ನೋಡಿ, “ನೀವರ ನಿಮ್ಮ ಮಹಾರಾಜರ ಹೆಸರಿಗಿ ನೂರಾಎಂಟ ಹಚ್ಚದ ಬರೀತೀರೇನ್ರಿ?” ಎಂದು ಕೇಳಿದರು. ಸ್ಟೋವ್ ಹತ್ತಿತು, ಅಡುಗೆ ಆಯಿತು, ಹೊತ್ತಿದ್ದಾಗಲೇ ಉಂಡೆವು.

ನನಗೆ ‘ಕತ್ತರಿ ಅಕ್ಕೋರು’ ಎಂದು ಹೆಸರಿಟ್ಟವರೂ ಅವರೇ ತಾನೆ. ಎರಡು ಪುಟದ ರಜೆ ಅರ್ಜಿ ತಂದಿದ್ದರು, ನಾನು ನಾಲ್ಕು ಸಾಲಿಗೆ ಇಳಿಸಿಕೊಟ್ಟೆ. “ನನ್ನ ಜಡ್ಡೂ ಕತ್ತರಿಸಿಬಿಟ್ರಲ್ಲ ಅಕ್ಕೋರೆ” ಎಂದು ನಕ್ಕರು. ಆ ಹೆಸರನ್ನು ನಾನು ಇಷ್ಟು ವರ್ಷ ಪದವಿಯ ಹಾಗೆ ಹೊತ್ತು ತಿರುಗಿದೆ. ಜಿಪುಣ ಎಂಬ ಮಾತು ಮಾತ್ರ ಮರೆತೆ.

ಸಂಚಿಕೆ ಬಿಡುಗಡೆಯಾದದ್ದು ಫೆಬ್ರವರಿ ಇಪ್ಪತ್ತೆರಡು, ಶನಿವಾರ. ಸೋಮವಾರ ಬೆಳಿಗ್ಗೆ ಸುಮಯ್ಯಾ ಸ್ಟಾಫ್ ರೂಮಿಗೆ ಬಂದಳು. ಕೂಗಲಿಲ್ಲ, ಅಳಲಿಲ್ಲ. ಸಂಚಿಕೆಯ ಎರಡು ಪುಟ ತೆರೆದು ನನ್ನ ಮುಂದೆ ಇಟ್ಟಳು. “ಅಕ್ಕೋರೆ, ಸನ್ಮತಿ ಬರದಿದ್ದಕ ಮೂರ ಕಡೆ ನೀವ ಹಚ್ಚೀರಂತ. ನಂದ್ರಾಗ ಹನ್ನೊಂದ ಕಡೆ ತಗದೀರಿ. ಯಾಕ್ರಿ?” ಎಂದಳು. ನಾನು ಕಲಿಸಿದ ಹಾಗೆಯೇ, ಒಂದು ಮಾತು ಹೆಚ್ಚಿಲ್ಲ, ಒಂದು ಮಾತು ಕಡಿಮೆಯಿಲ್ಲ. ಪರೀಕ್ಷೆಯ ಹೊತ್ತಿನಲ್ಲಿ ಇಂಥದ್ದಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಡ, ಆಮೇಲೆ ನೋಡೋಣ ಎಂದು ಕಳಿಸಿದೆ.

ಆಮೇಲೆ ನೋಡುವ ಕಾಲ ನನಗಿಂತ ಮೊದಲೇ ಬಂತು. ಯಾರೋ ಆ ಪುಟದ ಫೋಟೊ ತೆಗೆದು ಮೊಹಲ್ಲಾದ ವಾಟ್ಸಪ್ಪಿಗೆ ಹಾಕಿದರು. ಯಾರೂ ಗಲಾಟೆ ಮಾಡಲಿಲ್ಲ, ಅದನ್ನು ನಾನು ಎಲ್ಲರಿಗೂ ಹೇಳುತ್ತಿದ್ದೇನೆ. ಆದರೆ ಕೇಳಿದರು. ಇಮಾಮಸಾಹೇಬರ ಮೊಮ್ಮಗಳು, ಅದೂ ಅವರದೇ ಮಾತು ಬರೆಯುತ್ತ, ಹೀಗೆ ಬರೀ ಹೆಸರು ಬರೆದಳೇ ಎಂದು ಹೆಣ್ಣುಮಕ್ಕಳು ನೀರು ಹಿಡಿಯುವಲ್ಲಿ ಅವಳನ್ನೇ ಕೇಳಿದರು. ತಾನು ಬರೆದಿದ್ದೆ, ತೆಗೆದವರು ಬೇರೆ ಎಂದು ಅವಳು ಹೇಳಿದಳು. ಯಾರು ಎಂದರೆ ಹೆಸರು ಹೇಳಲಿಲ್ಲ. ಮನೆಯಲ್ಲಿ ಅಪ್ಪನಿಗೂ ಹೇಳಲಿಲ್ಲ. ಅದು ನನಗೆ ಆಮೇಲೆ ತಿಳಿಯಿತು.

ಈಗ ಇಪ್ಪತ್ತೇಳನೆಯ ತಾರೀಖಿನದು. ಅಕ್ಷರ ಕಲೆಸಿದ್ದರೆ ಕ್ಷಮಿಸು.

ಹೆಡ್‌ಮಾಸ್ತರ ಉತ್ತಮ ಸರ್ ಅವರ ಕೋಣೆ. ದಸ್ತಗೀರ ಫ್ಯಾಕ್ಟರಿಯ ಡ್ಯೂಟಿ ಮುಗಿಸಿ ಅದೇ ಅಂಗಿಯಲ್ಲಿ ಮಗಳನ್ನು ಕರೆದುಕೊಂಡು ಬಂದಿದ್ದ. ಕಮಿಟಿಯ ಚೇರಮನ್ ಎಂದು ಸಮ್ಮೇದನೂ ಅಲ್ಲೇ ಕುಳಿತಿದ್ದ. ದಸ್ತಗೀರ ಕುರ್ಚಿ ಕೊಟ್ಟರೂ ಕೂಡಲಿಲ್ಲ. “ಸರ್, ನಾ ಜಗಳಕ್ಕ ಬಂದಿಲ್ರಿ. ಮಂದಿ ಕೇಳಾಕತ್ತಾರ. ಆಕಿ ನಾ ಬರದಿದ್ನಿ ಅಂತಾಳ. ಹಂಗಾರ ತಗದವರು ಯಾರಂತ ತಿಳದ್ರ ಸಾಕ್ರಿ” ಎಂದ. ಉತ್ತಮ ಸರ್ ನನ್ನ ಕಡೆ ನೋಡಿದರು.

ಆ ಒಂದು ಗಳಿಗೆಯಲ್ಲಿ ನನ್ನ ತಲೆಯಲ್ಲಿ ಏನೇನು ಓಡಿತು ಎಂದು ಬರೆಯುತ್ತೇನೆ, ನೀನು ಕೇಳಿದ್ದು ಅದನ್ನೇ. ಹಿಂದಿನ ದಿನ ಸಮ್ಮೇದ ಮನೆಗೆ ಬಂದು ಹೇಳಿದ್ದ: “ವೈನಿ, ಈಗಿನ ಕಾಲ ಚಲೋ ಇಲ್ಲ. ನೀವ ತಗದೀರಿ ಅಂತ ಬಾಯಿ ಬಿಟ್ರ ಅತ್ಲಾಗಿನವರೂ ಹಿಡಕೋತಾರ, ಇತ್ಲಾಗಿನವರೂ ಹಿಡಕೋತಾರ. ಸುಮ್ಮ ಇದ್ರ ನಾಕ ದಿನದಾಗ ತಣ್ಣಗಾಗತೈತಿ.” ಅವನ ಮೇಲೆ ಹಾಕಿ ಕೈ ತೊಳೆದುಕೊಳ್ಳಬಹುದು. ಆದರೆ ನಿಜವಾಗಿ ನಾನು ಅಂಜಿದ್ದು ಮಂದಿಗಲ್ಲ. ಮೇ ತಿಂಗಳಲ್ಲಿ ನನಗೆ ಸತ್ಕಾರ ಇಟ್ಟುಕೊಂಡಿದ್ದಾರೆ. ಹೊಸ ವಾಚನಾಲಯದ ಕೋಣೆಗೆ ನನ್ನ ಹೆಸರು, ಕಲ್ಲಿನಲ್ಲಿ ಕೆತ್ತಿಸಿ ತಂದಿಟ್ಟಿದ್ದಾರೆ. ಕಲ್ಲನ್ನು ನಾನು ಹೋಗಿ ನೋಡಿ ಬಂದಿದ್ದೆ ರೋಶನ್. ಬೆರಳಿನಿಂದ ಸವರಿ ಬಂದಿದ್ದೆ. ಆ ಕೋಣೆಯಲ್ಲಿ ಕುಳಿತಾಗ ನನಗೆ ಆ ಕಲ್ಲು ಕಂಡಿತು, ಎದುರಿಗೆ ನಿಂತ ಹುಡುಗಿ ಕಾಣಲಿಲ್ಲ.

“ಆಕಿ ಬರದಿದ್ದನ್ನ ಛಾಪಿಸೇವ್ರಿ” ಎಂದೆ. ಮೂರೇ ಮಾತು.

ಅವಳ ಕೈಬರಹದ ಪ್ರತಿ ತೋರಿಸಿದರೆ ಸಾಕು ಎಂದು ದಸ್ತಗೀರ ಕೇಳಿದ. ಅದು ಪ್ರೆಸ್ಸಿನಲ್ಲಿ ಉಳಿಯಿತು, ರದ್ದಿಗೆ ಹೋಗಿರಬೇಕು ಎಂದೆ. ಅದು ಆಗ ನನ್ನ ಕಾಲ ಹತ್ತಿರದ ಚೀಲದಲ್ಲಿತ್ತು, ಹಳೆಯ ಪ್ರಶ್ನೆಪತ್ರಿಕೆಗಳ ಲಕೋಟೆಯೊಳಗೆ. ದಸ್ತಗೀರ ಮಗಳ ಕಡೆ ತಿರುಗಿ, “ಅಕ್ಕೋರು ಸುಳ್ಳ ಹೇಳ್ತಾರೇನ ಬೇಟಿ?” ಎಂದು ಕೇಳಿದ. ಗದರಿಸಿ ಕೇಳಲಿಲ್ಲ. ನಿಜವಾಗಿಯೂ ತಿಳಿಯದೆ ಕೇಳಿದ. ಅವನಿಗೂ ಒಂದು ಕಾಲಕ್ಕೆ ಕನ್ನಡ ಕಲಿಸಿದವಳು ನಾನು.

ಸುಮಯ್ಯಾ ನನ್ನ ಮುಖ ನೋಡಿದಳು. ಬೇಡಲಿಲ್ಲ, ಸಿಟ್ಟಿನಿಂದಲೂ ನೋಡಲಿಲ್ಲ. ಹೋಮ್‌ವರ್ಕ್ ತೋರಿಸಿ ಸರಿಯೋ ತಪ್ಪೋ ಎಂದು ಕಾಯುವಾಗ ನಿಲ್ಲುತ್ತಾಳಲ್ಲ, ಹಾಗೆ ನಿಂತು ಕಾಯ್ದಳು. ನಾನು ಮೇಜಿನ ಮೇಲಿನ ಹಾಜರಿ ಪುಸ್ತಕ ನೋಡುತ್ತ ಕುಳಿತೆ. ಆಮೇಲೆ ಅವಳು ಅಪ್ಪನಿಗೆ, “ನಡೀರಿ ಅಬ್ಬಾ, ಡ್ಯೂಟಿ ಮಾಡಿ ಬಂದೀರಿ, ಉಂಡಿಲ್ಲ” ಎಂದಳು. ಅಷ್ಟೇ. ಮರುದಿನದಿಂದ ಅವಳ ಹೆಸರಿನ ಮುಂದೆ ನಾನು ಗೈರು ಹಾಕುತ್ತಿದ್ದೇನೆ. ಮಕ್ಕಳ ಮಾತು ಕಾಯಬೇಕಾದವಳು ನಾನು. ಬೇಲಿಯೇ ಎದ್ದು ಹೊಲ ಮೇಯ್ದಿತು.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಎಂದು ನನಗೆ ಗೊತ್ತು. ಆದರೆ ಹೋದದ್ದು ನನ್ನ ಮಾನವಾಗಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ಅಪ್ಪನ ಕಣ್ಣಲ್ಲಿ ಹದಿನಾರು ವರ್ಷದ ಮಗಳನ್ನು ಸುಳ್ಳುಗಾತಿ ಮಾಡಿದೆ. ಅಜ್ಜನ ಮಾತನ್ನು ಅಜ್ಜನ ಮೊಮ್ಮಗಳೇ ನುಂಗಿದಳು ಎಂದು ಊರು ತಿಳಿಯುವ ಹಾಗೆ ಮಾಡಿದೆ. ಅವಳು ಪರೀಕ್ಷೆ ಬರೆಯದೆ ಉಳಿದರೆ ಅದೂ ನನ್ನ ಕೈಯದೇ ಕೆಲಸ, ಇದು ಹನ್ನೊಂದಕ್ಕಿಂತ ದೊಡ್ಡ ಕತ್ತರಿ.

ಈಗ ಏನು ಮಾಡಿದ್ದೇನೆ ಎಂದು ಕೇಳು. ನಿನ್ನೆ ಉತ್ತಮ ಸರ್ ಅವರಿಗೆ ನಡೆದದ್ದನ್ನೆಲ್ಲ ಬರೆದು ಸಹಿ ಮಾಡಿ ಕೊಟ್ಟೆ. ಅವರು ಓದಿ ಕನ್ನಡಕ ತೆಗೆದಿಟ್ಟು, ಪರೀಕ್ಷೆ ಮುಗಿಯಲಿ ಎಂದರು. ಪರೀಕ್ಷೆ ಮುಗಿದ ಮೇಲೆ ಇದರಿಂದ ಯಾರಿಗೆ ಏನು ಉಪಯೋಗ ಎಂದೆ. ಸಂಜೆ ಸಮ್ಮೇದ ಫೋನಿನಲ್ಲಿ, “ವೈನಿ, ಕಲ್ಲ ಕೆತ್ತಿಸಿ ಇಟ್ಟೇವಿ” ಎಂದ. ಒಡೆಸಿ ಹಾಕು ಅಂದೆ. ಅವನು ಫೋನ್ ಇಟ್ಟ. ನಾಳೆ ಬುಧವಾರ ಬೆಳಿಗ್ಗೆ ಪ್ರಾರ್ಥನೆಯ ಹೊತ್ತಿಗೆ ಎಲ್ಲ ಮಕ್ಕಳ ಮುಂದೆ ಹೇಳುತ್ತೇನೆ. ದಸ್ತಗೀರನಿಗೂ ಬರಲು ಹೇಳಿ ಕಳಿಸಿದ್ದೇನೆ, ಯಾಕೆಂದು ಹೇಳಿಲ್ಲ. ಸುಮಯ್ಯಾಳ ಬರಹವನ್ನು ಅವಳು ಬರೆದ ಹಾಗೆ ಮತ್ತೆ ಅಚ್ಚು ಹಾಕಿಸಿ, ಎಲ್ಲ ಪ್ರತಿಗಳಲ್ಲಿ ಹಳೆಯ ಪುಟದ ಮೇಲೆ ನಾನೇ ಕುಳಿತು ಅಂಟಿಸುತ್ತೇನೆ. ಇದನ್ನೆಲ್ಲ ಮಾಡುತ್ತೇನೆ ಎಂದು ಬರೆಯುವುದು ಸುಲಭ. ನಾಳೆ ಆ ಮೈಕಿನ ಮುಂದೆ ನಿಂತಾಗ ನಾಲಿಗೆ ಏಳುತ್ತದೋ ಇಲ್ಲವೋ ನನಗೇ ಭರವಸೆಯಿಲ್ಲ. ಹಾಗಾಗಿ ಪತ್ರವನ್ನು ಇವತ್ತೇ ಕಳಿಸುವುದಿಲ್ಲ. ನಾಳೆ ಹೇಳಿದ ಮೇಲೆಯೇ ಕಳಿಸುತ್ತೇನೆ. ಹೇಳದೇ ಹೋದರೆ ನಿನಗೆ ಪತ್ರ ಬರೆಯುವ ಯೋಗ್ಯತೆಯೂ ನನಗಿಲ್ಲ.

ನನ್ನನ್ನು ಕ್ಷಮಿಸು ಎಂದು ನಿನ್ನನ್ನು ಕೇಳುವುದಿಲ್ಲ. ನೀನು ಕ್ಷಮಿಸಿದರೂ ಅದು ಅವಳ ಬದಲಿಗೆ ಆಗುವುದಿಲ್ಲ. ಅವಳು ಪರೀಕ್ಷೆಗೆ ಬರಲಿ, ಇಷ್ಟೇ ಕೇಳುತ್ತೇನೆ. ನನ್ನ ಮುಖ ನೋಡಬೇಕಾಗಿಲ್ಲ. ಪರೀಕ್ಷೆಯ ಏಳೂ ದಿನ ನಾನು ರಜೆ ಹಾಕಿದ್ದೇನೆ. ಶಾಲೆಯ ಬಾಗಿಲಲ್ಲಿ ನಾನಿರುವುದಿಲ್ಲ ಎಂದು ಅವಳಿಗೆ ಹೇಳು.

ನಿನ್ನ ಹಳೆಯ ನೆರೆಮನೆಯವಳು,
ಲಕ್ಷ್ಮಿಬಾಯಿ

ಮರೆತ ಮಾತು — ಬುಧವಾರ, ಪ್ರಾರ್ಥನೆ ಮುಗಿದ ಮೇಲೆ.

ಹೇಳಿದೆ. ನಾಲಿಗೆ ಎದ್ದಿತು. ಕೈಬರಹದ ಪ್ರತಿಯನ್ನು ಎಲ್ಲರ ಮುಂದೆ ಎತ್ತಿ ತೋರಿಸಿ, ಓದಿದೆ. ಹನ್ನೊಂದು ಕಡೆಯೂ ನಿಂತು, ನಾನು ಹೊಡೆದದ್ದನ್ನು ನನ್ನ ಬಾಯಿಂದಲೇ ಹೇಳಿ, ಮುಂದಕ್ಕೆ ಹೋದೆ. ದಸ್ತಗೀರ ಗೇಟಿನ ಹತ್ತಿರ ನಿಂತಿದ್ದ. ಮುಗಿದ ಮೇಲೆ ಹತ್ತಿರ ಬಂದು, “ನಾ ಆಕಿಗಿ ಮಾಫಿ ಕೇಳಬೇಕ್ರಿ ಅಕ್ಕೋರೆ. ನಿಮ್ಮನ್ನ ನಂಬಿ ಮಗಳನ್ನ ನಂಬಲಿಲ್ಲ” ಎಂದು ಹೇಳಿ ಸೈಕಲ್ ಹತ್ತಿ ಹೋದ. ಈ ಪತ್ರ ತರುವವನು ನಮ್ಮ ಶಾಲೆಯ ಸಿಪಾಯಿ ಧೂಳಪ್ಪ. ಹಾಲ್ ಟಿಕೆಟ್ ಇದರೊಳಗಿದೆ.

ಇನ್ನೊಂದು ಉಳಿದಿದೆ. ಒಂದಕ್ಷರವೂ ಕತ್ತರಿಸಬೇಡ ಎಂದು ನೀನು ಹೇಳಿದ್ದೆ, ನಿನ್ನೆ ನಾಲ್ಕು ಪುಟ ಬರೆದರೂ ಇದನ್ನು ಬರೆಯಲಿಲ್ಲ. ನಾನು ತೆಗೆದದ್ದು ಹನ್ನೊಂದಲ್ಲ, ಹನ್ನೆರಡು. ಬರಹದ ಕೊನೆಯ ಸಾಲು ಹೀಗಿದೆ: “ಮಗ್ರಿಬ್ ನಮಾಜ್ ಆದ ಮೇಲೆ ಅಜ್ಜ ಕೈಯೆತ್ತಿ ದುವಾ ಮಾಡುವಾಗ ನಮ್ಮೆಲ್ಲರ ಹೆಸರಿನ ಜೊತೆಗೆ ನಮ್ಮ ಕನ್ನಡದ ಅಕ್ಕೋರ ಹೆಸರನ್ನೂ ತೆಗೆದುಕೊಳ್ಳುತ್ತಿದ್ದ. ಮಕ್ಕಳ ಅಕ್ಷರ ನೋಡುವ ಕಣ್ಣು ಅವು, ಅವಕ್ಕೆ ಏನೂ ಆಗದಿರಲಿ ಎನ್ನುತ್ತಿದ್ದ.” ನನ್ನ ಕಣ್ಣಿನ ಆಪರೇಷನ್ ಆದ ವರ್ಷದಿಂದ ಅವರು ತೀರಿಕೊಳ್ಳುವವರೆಗೂ ಹೀಗೆ ಬೇಡುತ್ತಿದ್ದರಂತೆ. ನೀನೂ ನನಗೆ ಎಂದೂ ಹೇಳಲಿಲ್ಲ. ಸಮ್ಮೇದ ಓದಿ, ವೈನಿಗೆ ನಮಾಜಿನ ದುವಾನೂ ಬೇಕಾಯಿತೇ ಎಂದು ಒಂದು ನಗೆ ನಕ್ಕಾನು ಎಂಬ ಅಂಜಿಕೆಗೆ ಆ ಸಾಲನ್ನು ಎಲ್ಲಕ್ಕಿಂತ ಮೊದಲು ಹೊಡೆದಿದ್ದೆ.

ಸುಮಯ್ಯಾ ಸ್ಟಾಫ್ ರೂಮಿಗೆ ಬಂದಾಗ ಹನ್ನೊಂದು ಎಂದಳು. ಹನ್ನೆರಡನೆಯದನ್ನು ಕೇಳಲಿಲ್ಲ. ಇವತ್ತು ಮೈಕಿನ ಮುಂದೆ ನಾನೂ ಅದನ್ನು ಓದಲಿಲ್ಲ. ಅವಳಿಗೆ ಅದು ಇನ್ನೂ ಬೇಕೋ ಬೇಡವೋ ನನಗೆ ತಿಳಿಯದು. ಅವಳ ಕೈಬರಹದ ಪ್ರತಿಯನ್ನೂ ನನ್ನ ಕೆಂಪು ಪೆನ್ನನ್ನೂ ಇದರ ಜೊತೆ ಕಳಿಸಿದ್ದೇನೆ. ಆ ಸಾಲು ಇರಬೇಕೋ ಹೋಗಬೇಕೋ, ಅವಳೇ ಗುರುತು ಹಾಕಿ ಕಳಿಸಲಿ. ಅಲ್ಲಿಯವರೆಗೆ ಪ್ರೆಸ್ಸಿಗೆ ಕೊಡುವುದಿಲ್ಲ.